ಎಲೆಯ ಗೆಣ್ಣು, ಪದದ ಕೀಲು: ಗಿಡದ ರಚನೆ, ಮಾತಿನ ರಚನೆ ಓದಲು ಕಲಿಯುವುದು ಹೇಗೆ?

ಓದುಗರು ಎರಡು ಪ್ರಶ್ನೆಗಳನ್ನು ಮತ್ತೆ ಮತ್ತೆ ಕೇಳುತ್ತಾರೆ. ಒಂದು, "ಲಾಲ್‌ಬಾಗ್‌ಗೆ ಹೋದರೆ ಎಲ್ಲ ಎಲೆಯೂ ಒಂದೇ ಥರ ಕಾಣುತ್ತೆ, ಗಿಡ ಗುರುತಿಸೋದು ಹೇಗೆ?" ಇನ್ನೊಂದು ಮಕ್ಕಳಿಗೆ ಮನೆಪಾಠ ಹೇಳಿಕೊಡುವ ಅಪ್ಪ ಅಮ್ಮಂದಿರದು. "ಪದ ಬಿಡಿಸಿ ಬರೆಯಿರಿ ಅಂತ ಕೊಡ್ತಾರೆ, ಎಲ್ಲಿ ಕತ್ತರಿಸಬೇಕು ಅಂತ ಹೇಗೆ ಗೊತ್ತಾಗುತ್ತೆ?" ಎರಡಕ್ಕೂ ಬೇರೆ ಬೇರೆ ಉತ್ತರ ಬರೆಯಲು ಕೂತಿದ್ದೆ. ಅರ್ಧ ಬರೆದಾಗ ಎರಡು ಕಡೆಯೂ ಒಂದೇ ಮಾತು ಬರುತ್ತಿದೆ ಅನ್ನಿಸಿತು. ಹಾಗಾಗಿ ಸೇರಿಸಿಯೇ ಬರೆದಿದ್ದೇನೆ.

ಜೀವಿಗಳ ಆಕಾರ ಮತ್ತು ರಚನೆ ಓದುವ ವಿದ್ಯೆಗೆ ಮಾರ್ಫಾಲಜಿ ಅಂತಾರೆ. ಕನ್ನಡದಲ್ಲಿ ಆಕೃತಿ ವಿಜ್ಞಾನ ಅಥವಾ ರೂಪವಿಜ್ಞಾನ. ಪದಗಳ ಒಳರಚನೆ ಓದುವ ವಿದ್ಯೆಗೂ ಅದೇ ಹೆಸರು. ಇದು ಆಕಸ್ಮಿಕವಲ್ಲ. ಜರ್ಮನಿಯ ಕವಿ ಗಯಟೆ 1790ರಲ್ಲಿ ಗಿಡಗಳ ಬಗ್ಗೆ ಒಂದು ಪ್ರಬಂಧ ಬರೆದ. ಹೂವಿನ ಎಸಳು, ಕೇಸರ ಇವೆಲ್ಲ ಎಲೆಯಂಥ ಒಂದೇ ಅಂಗದ ಬೇರೆ ಬೇರೆ ರೂಪಗಳು ಎಂಬುದು ಅವನ ವಾದ. ಮಾರ್ಫಾಲಜಿ ಎಂಬ ಪದವನ್ನು ಬಳಕೆಗೆ ತಂದವರಲ್ಲಿ ಅವನೂ ಒಬ್ಬ. 1859ರಲ್ಲಿ ಆಗಸ್ಟ್ ಶ್ಲೈಖರ್ ಎಂಬ ಭಾಷಾವಿಜ್ಞಾನಿ ಆ ಪದವನ್ನು ಜೀವವಿಜ್ಞಾನದಿಂದ ಭಾಷೆಯ ಓದಿಗೆ ತಂದ. ಅಂದರೆ ಗಿಡದಿಂದ ಪದಕ್ಕೆ ದಾರಿ ಆಗಲೇ ಹಾಕಿಟ್ಟಿದ್ದಾರೆ. ನಾವು ಅದರ ಮೇಲೆ ನಡೆದರೆ ಸಾಕು.

ಈ ಇಡೀ ಲೇಖನದಲ್ಲಿ ನಾನು ಹೇಳುವುದು ಇಷ್ಟೇ: ನೋಟಕ್ಕೆ ಹೇಗಿದೆ ಎಂದು ಕೇಳುವ ಮೊದಲು, ಎಲ್ಲಿ ಕೂಡಿಕೊಂಡಿದೆ ಎಂದು ಕೇಳಿ. ಕೀಲು ಸಿಕ್ಕರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಏನೇನು ಬೇಕು?

ಗೆರೆ ಇಲ್ಲದ ಒಂದು ನೋಟ್‌ಬುಕ್. ಪೆನ್ಸಿಲ್ (ಬೆಳಗಿನ ಇಬ್ಬನಿ ತಾಗಿದರೆ ಪೆನ್ನಿನ ಶಾಯಿ ಹರಡುತ್ತದೆ). ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಕೈಮಸೂರ, ಅಂದರೆ ಹ್ಯಾಂಡ್ ಲೆನ್ಸ್. ಲ್ಯಾಬ್ ಸಾಮಾನು ಮಾರುವ ಅಂಗಡಿಯಲ್ಲಿ ಸಿಗುತ್ತದೆ, ದುಬಾರಿಯದು ಬೇಡ. ಒಂದು ಬ್ಲೇಡು, ಒಂದು ಸ್ಕೇಲು. ಪದಗಳ ಕೆಲಸಕ್ಕೆ ಒಂದು ನಿಘಂಟು ಮತ್ತು ನಿಮ್ಮದೇ ಕಿವಿ.

ಗಿಡ ಗುರುತಿಸುವ ಮೊಬೈಲ್ ಆ್ಯಪ್ ಇದ್ದರೆ ಇರಲಿ, ಆದರೆ ಮೊದಲ ಮೂರು ವಾರ ತೆರೆಯಬೇಡಿ. ಹೆಸರು ಸಿಕ್ಕ ಕೂಡಲೇ ಕಣ್ಣು ನೋಡುವುದನ್ನು ನಿಲ್ಲಿಸುತ್ತದೆ. ಆ್ಯಪ್ ಫೋಟೋಗೆ ಫೋಟೋ ಹೋಲಿಸುತ್ತದೆ. ಎಲೆಯ ಬುಡದಲ್ಲಿ ಮೊಗ್ಗು ಇದೆಯೋ ಇಲ್ಲವೋ ಎಂದು ಬಗ್ಗಿ ನೋಡಬೇಕಾದವರು ನೀವು.

ಎರಡು ಎಚ್ಚರಿಕೆ. ಲಾಲ್‌ಬಾಗ್, ಕಬ್ಬನ್ ಪಾರ್ಕ್‌ಗಳಲ್ಲಿ ಹೂ, ಎಲೆ ಕೀಳುವಂತಿಲ್ಲ. ನೆಲಕ್ಕೆ ಬಿದ್ದದ್ದನ್ನು ನೋಡಿ, ಬಿಡಿಸಿ ನೋಡಲು ಮನೆಯ ಕುಂಡದ ಗಿಡ ಬಳಸಿ. ಇನ್ನೊಂದು, ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ. ಎಕ್ಕ ಮತ್ತು ಕಳ್ಳಿಯ ಹಾಲು ಕಣ್ಣಿಗೆ ತಾಗಿದರೆ ಅಪಾಯ. ಮಕ್ಕಳ ಜೊತೆ ಮಾಡುವಾಗ ಈ ಮೂರನ್ನು ಮುಟ್ಟದೆ ದೂರದಿಂದ ನೋಡಿ. ಮುಟ್ಟಿದ್ದರೆ ತಕ್ಷಣ ಸೋಪು ಹಾಕಿ ಕೈ ತೊಳೆಯಿರಿ.

ಹಂತ 1: ಒಂದೇ ಗಿಡ ಆರಿಸಿಕೊಳ್ಳಿ

ದಿನಾ ಓಡಾಡುವ ದಾರಿಯ ಒಂದು ಮರ ಸಾಕು. ಹೊಂಗೆ ಆದರೆ ಬಹಳ ಒಳ್ಳೆಯದು. ಬೆಂಗಳೂರಿನ ಎಷ್ಟೋ ರಸ್ತೆಗಳಲ್ಲಿ ಇದೆ, ಕೈಗೆ ಸಿಗುವಷ್ಟು ಕೆಳಗೂ ಕೊಂಬೆ ಬಿಡುತ್ತದೆ. ಮೊದಲ ವಾರ ಅದರ ಒಂದು ರೆಂಬೆಯ ಚಿತ್ರ ಮಾತ್ರ ಬರೆಯಿರಿ. ಚಿತ್ರ ಚೆನ್ನಾಗಿ ಬರಬೇಕಿಲ್ಲ. ಯಾವುದು ಯಾವುದಕ್ಕೆ ಅಂಟಿಕೊಂಡಿದೆ ಎನ್ನುವುದು ಸರಿಯಾಗಿ ಬಂದರೆ ಆಯಿತು.

ಒಂದೇ ಭಾನುವಾರ ಐವತ್ತು ಮರ ನೋಡಲು ಹೊರಡುವವರು ಜಾಸ್ತಿ. ಎರಡನೇ ಭಾನುವಾರ ಅವರು ಬರುವುದಿಲ್ಲ.

ಹಂತ 2: ಎಲೆ ಯಾವುದು, ಎಲೆಯ ತುಂಡು ಯಾವುದು?

ಇಲ್ಲಿ ನಿಧಾನವಾಗಿ ಹೋಗೋಣ. ಹೆಚ್ಚಿನವರು ಎಡವುವುದು ಇಲ್ಲೇ.

ಅಡುಗೆಮನೆಯಿಂದ ಒಂದು ಎಸಳು ಕರಿಬೇವು ತನ್ನಿ. ನಡುವೆ ಒಂದು ಕಡ್ಡಿ, ಅದರ ಎರಡೂ ಕಡೆ ಹತ್ತಿಪ್ಪತ್ತು ಚಿಕ್ಕ ಎಲೆ. ಇದರಲ್ಲಿ ಎಲೆ ಎಷ್ಟು? "ಹದಿನೈದು" ಎನ್ನುತ್ತೀರಿ ಅಲ್ವಾ? ಗಿಡದ ಲೆಕ್ಕದಲ್ಲಿ ಒಂದೇ. ಇಡೀ ಎಸಳು ಒಂದು ಎಲೆ. ನಾವು ಎಲೆ ಎಂದು ಒಗ್ಗರಣೆಗೆ ಹಾಕುವುದು ಅದರ ತುಂಡುಗಳು. ಇವನ್ನು ಕಿರುಎಲೆ ಎನ್ನೋಣ. ಇಂಥ ಎಲೆಗೆ ಸಂಯುಕ್ತ ಎಲೆ ಎಂದು ಹೆಸರು. ದಾಸವಾಳದ್ದು, ಮಾವಿನದು ಸರಳ ಎಲೆ: ಒಂದೇ ಹರಹು, ತುಂಡಿಲ್ಲ.

ಪರೀಕ್ಷೆ ಮಾಡುವುದು ಹೇಗೆ? ಎಲೆ ಕೊಂಬೆಗೆ ಸೇರುವ ಜಾಗಕ್ಕೆ ಗೆಣ್ಣು ಎನ್ನುತ್ತಾರೆ. ಕಬ್ಬಿನ ಗೆಣ್ಣು ನೆನಪಿಸಿಕೊಳ್ಳಿ. ಎಲೆಯ ತೊಟ್ಟು ಮತ್ತು ಕೊಂಬೆಯ ನಡುವಿನ ಸಂದಿಯಲ್ಲಿ ಒಂದು ಪುಟ್ಟ ಮೊಗ್ಗು (ಮುಂದೆ ಕೊಂಬೆಯಾಗಿ ಬೆಳೆಯಬಲ್ಲದ್ದು) ಇರುತ್ತದೆ. ಆ ಸಂದಿಯೇ ಎಲೆಯ ಕಂಕುಳು. ನಿಜವಾದ ಎಲೆಯ ಕಂಕುಳಲ್ಲಿ ಮೊಗ್ಗು ಇರುತ್ತದೆ, ಕಿರುಎಲೆಯ ಕಂಕುಳಲ್ಲಿ ಇರುವುದಿಲ್ಲ. ಗಿಡದ ಮೇಲೆಯೇ ಇರುವ ಕರಿಬೇವನ್ನು ಮಸೂರ ಹಿಡಿದು ನೋಡಿ. ಎಸಳು ಕೊಂಬೆಗೆ ಸೇರುವಲ್ಲಿ ಮೊಗ್ಗಿದೆ. ಕಿರುಎಲೆ ಕಡ್ಡಿಗೆ ಸೇರುವಲ್ಲಿ ಏನೂ ಇಲ್ಲ, ಬರಿದು.

ಈಗ ನಿಮ್ಮ ಹೊಂಗೆಗೆ ಹೋಗಿ. ಸಾಮಾನ್ಯವಾಗಿ ಐದು ಅಥವಾ ಏಳು ಕಿರುಎಲೆ, ತುದಿಯಲ್ಲಿ ಒಂಟಿ. ಬೇವೂ ಇದೇ ಜಾತಿಯ ಜೋಡಣೆ. ಆದರೆ ಬೇವಿನ ಕಿರುಎಲೆಗೆ ಗರಗಸದ ಅಂಚು, ಬುಡ ಒಂದು ಕಡೆಗೆ ಓರೆ. ಗುಲ್‌ಮೊಹರ್ ಮತ್ತು ಮಳೆಮರ ಇನ್ನೂ ಒಂದು ಹೆಜ್ಜೆ ಮುಂದೆ: ಕಡ್ಡಿ ಕವಲೊಡೆದು, ಆ ಕವಲಿನ ಮೇಲೆ ಕಿರುಎಲೆ. ನುಗ್ಗೆ ಮೂರು ಸಲ ಕವಲೊಡೆಯುತ್ತದೆ. ಸೊಪ್ಪು ಬಿಡಿಸುವಾಗ ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಗೊಣಗಿದ್ದೀರಲ್ಲ, ಕಾರಣ ಇದೇ.

ಮೂರು ಮರಗಳ ವಿಷಯ ಹೇಳದೆ ಮುಂದೆ ಹೋಗಲಾರೆ. ಬೇಸಿಗೆಯ ಮೊದಲು ನಮ್ಮ ರಸ್ತೆಗಳನ್ನು ಗುಲಾಬಿ ಬಣ್ಣದಲ್ಲಿ ಮುಳುಗಿಸುವ ಟಬೆಬುಯಾ ಮರಕ್ಕೆ ಹಸ್ತದಂಥ ಎಲೆ: ಒಂದು ತೊಟ್ಟಿನ ತುದಿಯಿಂದ ಐದು ಬೆರಳು. ಲಾಲ್‌ಬಾಗ್‌ನ ದೊಡ್ಡ ಬಿಳಿ ಬೂರುಗಕ್ಕೂ ಹಸ್ತದಂಥದೇ. ಹಾಲೆ ಮರಕ್ಕೆ ಏಳು ಎಲೆ ಸುತ್ತಲೂ ಹರಡಿಕೊಂಡಿರುತ್ತವೆ, ಅದಕ್ಕೇ ಸಪ್ತಪರ್ಣಿ ಎಂದೂ ಹೆಸರು. ದೂರದಿಂದ ಮೂರೂ ಒಂದೇ. ಆದರೆ ಹಾಲೆಯ ಏಳೂ ಸ್ವತಂತ್ರ ಸರಳ ಎಲೆಗಳು, ಒಂದೇ ಗೆಣ್ಣಿನ ಸುತ್ತ ನಿಂತಿವೆ. ಬೂರುಗದ್ದು ಮತ್ತು ಟಬೆಬುಯಾದ್ದು ಒಂದೊಂದೇ ಎಲೆಯ ತುಂಡುಗಳು. ಕೀಲು ನೋಡದವರಿಗೆ ಈ ವ್ಯತ್ಯಾಸ ಎಂದೂ ಕಾಣುವುದಿಲ್ಲ.

ಹಂತ 3: ಗೆಣ್ಣಿಗೆ ಎಷ್ಟು ಎಲೆ?

ಇದು ಸುಲಭ. ಒಂದು ಗೆಣ್ಣಿಗೆ ಒಂದೇ ಎಲೆಯಾದರೆ ಪರ್ಯಾಯ ಜೋಡಣೆ, ಉದಾಹರಣೆಗೆ ದಾಸವಾಳ. ಎದುರುಬದುರು ಎರಡಾದರೆ ಅಭಿಮುಖ, ಉದಾಹರಣೆಗೆ ಎಕ್ಕ ಮತ್ತು ತುಳಸಿ. ಮೂರು ಅಥವಾ ಹೆಚ್ಚು ಸುತ್ತಲೂ ಇದ್ದರೆ ಸುತ್ತುಜೋಡಣೆ. ಕಣಗಿಲೆಗೆ ಸಾಮಾನ್ಯವಾಗಿ ಮೂರು.

ತುಳಸಿ ಕಟ್ಟೆಯ ಮುಂದೆ ನಿಂತು ಮೇಲಿನಿಂದ ನೋಡಿ. ಒಂದು ಜೋಡಿ ಪೂರ್ವ ಪಶ್ಚಿಮಕ್ಕಿದ್ದರೆ ಮುಂದಿನ ಜೋಡಿ ಉತ್ತರ ದಕ್ಷಿಣಕ್ಕೆ. ಒಂದರ ನೆರಳು ಇನ್ನೊಂದರ ಮೇಲೆ ಕಡಿಮೆ ಬೀಳುತ್ತದೆ. ಕಾಂಡವನ್ನು ಬೆರಳಲ್ಲಿ ಉರುಳಿಸಿದರೆ ಚೌಕ ಎಂದು ಗೊತ್ತಾಗುತ್ತದೆ.

ತಪ್ಪಾಗುವುದು ಎಲ್ಲಿ ಅಂದರೆ, ಕಿರುಎಲೆಗಳ ಜೋಡಣೆಯನ್ನು ಎಲೆಗಳ ಜೋಡಣೆ ಎಂದು ಬರೆದುಬಿಡುತ್ತಾರೆ. ಬರೆಯುವ ಮೊದಲು ಕಂಕುಳ ಮೊಗ್ಗು ಎಲ್ಲಿದೆ ಎಂದು ಇನ್ನೊಮ್ಮೆ ನೋಡಿ.

ಹಂತ 4: ಅಡುಗೆಮನೆಯ ತರಕಾರಿ ಬುಟ್ಟಿ

ಈಗ ಕಷ್ಟದ ಪ್ರಶ್ನೆ. ಎಲೆ ಎಲೆಯ ಹಾಗೆ ಕಾಣದಿದ್ದರೆ? ಕಾಂಡ ಕಾಂಡದ ಹಾಗಿಲ್ಲದಿದ್ದರೆ?

ಆಲೂಗಡ್ಡೆ ತೆಗೆದುಕೊಳ್ಳಿ. ಅದರ ಮೇಲಿನ ಗುಳಿಗಳನ್ನು ಕಣ್ಣು ಎನ್ನುತ್ತೇವೆ. ಪ್ರತಿ ಕಣ್ಣಿನ ಅಂಚಿನಲ್ಲಿ ಹುಬ್ಬಿನಂಥ ಗೆರೆ ಇರುತ್ತದೆ. ಆ ಹುಬ್ಬು ಒಂದು ಪುಟ್ಟ ಎಲೆಯ ಗುರುತು, ಕಣ್ಣು ಅದರ ಕಂಕುಳ ಮೊಗ್ಗು. ಎಲೆ ಇದೆ, ಕಂಕುಳಲ್ಲಿ ಮೊಗ್ಗಿದೆ. ಹಾಗಾದರೆ ಇದು ಗೆಣ್ಣು. ಗೆಣ್ಣು ಇದ್ದ ಮೇಲೆ ಆಲೂಗಡ್ಡೆ ಕಾಂಡ! ಮಣ್ಣಿನೊಳಗೆ ಬೆಳೆದರೂ ಬೇರಲ್ಲ. ಪಕ್ಕದಲ್ಲಿ ಗೆಣಸು ಇಟ್ಟು ನೋಡಿ. ಅಂಥ ಕಣ್ಣು, ಹುಬ್ಬು ಇಲ್ಲ. ಅದು ಬೇರು. ಶುಂಠಿಯ ಮೇಲೆ ಉಂಗುರಗಳಿವೆ, ಅವು ಗೆಣ್ಣುಗಳು. ಅದೂ ಕಾಂಡವೇ. ಈರುಳ್ಳಿಯನ್ನು ಉದ್ದಕ್ಕೆ ಸೀಳಿ: ಕೆಳಗಿನ ಗಟ್ಟಿ ಬಿಲ್ಲೆ ಕಾಂಡ, ನಾವು ಹೆಚ್ಚಿ ತಿನ್ನುವುದೆಲ್ಲ ಎಲೆಯ ಬುಡಗಳು. ಬಾಳೆಯ 'ಕಂಬ' ಎಂದು ಮದುವೆ ಮನೆ ಬಾಗಿಲಿಗೆ ಕಟ್ಟುವುದು ಒಂದರೊಳಗೊಂದು ಸುತ್ತಿಕೊಂಡ ಎಲೆಬುಡಗಳ ಕಟ್ಟು. ಗೊನೆ ಹೊರಲು ನಡುವಿನಿಂದ ಏರಿ ಬರುವುದೇ ದಿಂಡು, ಪಲ್ಯ ಮಾಡುತ್ತೇವಲ್ಲ ಅದು.

ಮುಳ್ಳಿನ ವಿಷಯಕ್ಕೆ ಬನ್ನಿ. ಕನ್ನಡದಲ್ಲಿ ಎಲ್ಲವೂ ಮುಳ್ಳೇ. ಆದರೆ ನಿಂಬೆಗಿಡದ ಮುಳ್ಳು ಎಲೆಯ ಕಂಕುಳಲ್ಲಿ ಕೂತಿದೆ. ಕಂಕುಳಲ್ಲಿ ಬರಬೇಕಾದದ್ದು ಕೊಂಬೆ. ಹಾಗಾಗಿ ಅದು ರೂಪ ಬದಲಿಸಿದ ಕೊಂಬೆ. ಪಾಪಸುಕಳ್ಳಿಯ ಮುಳ್ಳು ರೂಪ ಬದಲಿಸಿದ ಎಲೆ, ಹಸಿರು ಹಪ್ಪಳದಂಥದ್ದು ಕಾಂಡ. ಗುಲಾಬಿಯದು ಎಲ್ಲಿ ಬೇಕಾದರೂ ಹುಟ್ಟುತ್ತದೆ, ಪಕ್ಕಕ್ಕೆ ಒತ್ತಿದರೆ ಚಕ್ಕೆಯಂತೆ ಕಳಚುತ್ತದೆ. ಅದು ಬರೀ ತೊಗಲಿನದು. ಕೆಲಸ ಒಂದೇ, ಹುಟ್ಟು ಮೂರು.

ಒಂದೇ ಅಂಗ ಬೇರೆ ಬೇರೆ ವೇಷ ತೊಟ್ಟರೆ ಅದನ್ನು ಸಮಮೂಲ ಎನ್ನುತ್ತಾರೆ. ಬೇರೆ ಬೇರೆ ಮೂಲದವು ಒಂದೇ ಕೆಲಸಕ್ಕಾಗಿ ಒಂದೇ ಥರ ಕಂಡರೆ ಅದು ಸಮಕಾರ್ಯ. ಇವೆರಡನ್ನು ಬೆರೆಸಬೇಡಿ. ಹಳ್ಳಿಯ ಬೇಲಿಯ ಕಳ್ಳಿ ಮತ್ತು ಪಾಪಸುಕಳ್ಳಿ ಎರಡಕ್ಕೂ ಕಳ್ಳಿ ಎಂದೇ ಹೆಸರು, ಎರಡೂ ದಪ್ಪ, ಎರಡಕ್ಕೂ ಮುಳ್ಳು. ಆದರೆ ಸಂಬಂಧಿಗಳಲ್ಲ. ಬೇಲಿಕಳ್ಳಿಗೆ ಬಿಳಿ ಹಾಲಿದೆ, ಪಾಪಸುಕಳ್ಳಿಗೆ ಇಲ್ಲ. ಒಣ ನೆಲದಲ್ಲಿ ನೀರು ಉಳಿಸಿಕೊಳ್ಳುವ ಅಗತ್ಯ ಎರಡನ್ನೂ ಒಂದೇ ಆಕಾರಕ್ಕೆ ತಂದಿದೆ.

ಹಂತ 5: ಹೂ ಬಿಚ್ಚುವುದು

ಮೊದಲ ಹೂ ದಾಸವಾಳವೇ ಆಗಿರಲಿ, ಒಂಟಿ ಸುತ್ತಿನದು. ಹೊರಗಿನಿಂದ ಒಳಕ್ಕೆ ಬನ್ನಿ. ಹಸಿರು ಬಟ್ಟಲಿನಂಥ ಪುಷ್ಪಪತ್ರಗಳು. ಅದರ ಹೊರಗೆ ಇನ್ನೊಂದು ಸಣ್ಣ ಹಸಿರು ಸುತ್ತೂ ಇದೆ, ಬಿಟ್ಟುಬಿಡಬೇಡಿ. ಆಮೇಲೆ ಐದು ದಳ. ನಡುವೆ ಉದ್ದ ಕೊಳವೆ: ಕೇಸರಗಳ (ಪರಾಗ ಹೊರುವ ಗಂಡು ಭಾಗ) ಕಾಲುಗಳೆಲ್ಲ ಅಂಟಿಕೊಂಡು ಆದದ್ದು. ಕೊಳವೆಯ ಒಳಗಿಂದ ತೂರಿ ಬಂದ ಶಲಾಕೆಯ (ಹೆಣ್ಣು ಭಾಗ) ತುದಿಯಲ್ಲಿ ಐದು ಗುಂಡು. ಬ್ಲೇಡಿನಿಂದ ಉದ್ದಕ್ಕೆ ಸೀಳಿದರೆ ಬುಡದಲ್ಲಿ ಅಂಡಾಶಯ. ಪ್ರತಿ ಭಾಗವನ್ನೂ ಕಾಗದಕ್ಕೆ ಅಂಟಿಸಿ ಪಕ್ಕದಲ್ಲಿ ಸಂಖ್ಯೆ ಬರೆಯಿರಿ.

ಎರಡು ಹೂಗಳು ಮೋಸ ಮಾಡುತ್ತವೆ. ಕಾಗದದ ಹೂ, ಅಂದರೆ ಬೋಗನ್‌ವಿಲ್ಲಾ: ಬಣ್ಣದ ಮೂರು 'ದಳ'ಗಳು ಎಲೆಗಳೇ. ಮಸೂರದಲ್ಲಿ ಅವುಗಳ ನರ ನೋಡಿ, ಎಲೆಯ ನರದಂತೆಯೇ ಇದೆ. ಒಳಗಿನ ಸಣ್ಣ ಬಿಳಿ ಕೊಳವೆ ನಿಜವಾದ ಹೂ. ಇನ್ನೊಂದು ಸೇವಂತಿಗೆ. ಕೆ.ಆರ್. ಮಾರ್ಕೆಟ್ಟಿನಿಂದ ಮೊಳ ಲೆಕ್ಕದಲ್ಲಿ ತರುವ ಹಾರದ ಒಂದೊಂದು ಸೇವಂತಿಗೆಯೂ ನೂರಾರು ಹೂಗಳ ಗೊಂಚಲು. ಒಂದು 'ಎಸಳು' ಕಿತ್ತು ಬುಡ ನೋಡಿ, ಅದೇ ಒಂದು ಪೂರ್ತಿ ಹೂ. ಚೆಂಡುಹೂ, ಸೂರ್ಯಕಾಂತಿಯೂ ಹೀಗೆಯೇ. ಹಲಸಿನ ಹಣ್ಣು ಒಂದು ಇಡೀ ಹೂಗೊಂಚಲು ಬೆಳೆದು ಆದದ್ದು, ಒಂದೊಂದು ತೊಳೆಯ ಹಿಂದೆಯೂ ಒಂದು ಹೂವಿದೆ.

ಹಂತ 6: ಬಸ್ಸಿನ ಬೋರ್ಡು ಓದುತ್ತಾ ಪದ ಬಿಡಿಸುವುದು

ಈಗ ಅದೇ ಕಣ್ಣನ್ನು ಪದದ ಮೇಲೆ ಇಡಿ. ಪದದ ಅರ್ಥವುಳ್ಳ ಅತಿ ಚಿಕ್ಕ ತುಂಡಿಗೆ ಆಕೃತಿಮಾ ಎನ್ನುತ್ತಾರೆ. ಶಾಲೆಯ ವ್ಯಾಕರಣದಲ್ಲಿ ಮೂಲವನ್ನು ಪ್ರಕೃತಿ, ಅದಕ್ಕೆ ಅಂಟುವುದನ್ನು ಪ್ರತ್ಯಯ ಎಂದು ಕಲಿತಿದ್ದೀರಿ.

ಕತ್ತರಿಸುವ ನಿಯಮ ಒಂದೇ: ಒಂದು ತುಂಡನ್ನು ತೆಗೆದು ಅಲ್ಲಿ ಇನ್ನೊಂದನ್ನು ಇಟ್ಟಾಗಲೂ ಪದ ನಿಲ್ಲಬೇಕು. ಬೇಗೂರು, ಜಕ್ಕೂರು, ಹಲಸೂರು. ಮೂರರಲ್ಲೂ 'ಊರು' ಇದೆ, ಮೊದಲ ಭಾಗ ಬದಲಾಗಿದೆ. ಹಾಗಾಗಿ ಕೀಲು ಅಲ್ಲಿದೆ. ಹಲಸು, ಊರು ಸೇರಿದಾಗ 'ಸು'ವಿನ ಉಕಾರ ಬಿದ್ದುಹೋಗಿದೆ, ಇದು ಲೋಪಸಂಧಿ. ಹೊಸಕೆರೆಹಳ್ಳಿಯಲ್ಲಿ ಮೂರು ತುಂಡು. ಆದರೆ ಅವು ಸಾಲಾಗಿ ನಿಂತಿಲ್ಲ. ಹೊಸ ಮತ್ತು ಕೆರೆ ಮೊದಲು ಕೂಡಿ, ಆಮೇಲೆ ಹಳ್ಳಿ ಸೇರಿದೆ. ಹೊಸಕೆರೆಯ ಹಳ್ಳಿ ಅದು, ಹೊಸದಾದ ಕೆರೆಹಳ್ಳಿಯಲ್ಲ. ಗುಲ್‌ಮೊಹರ್ ಎಲೆಯಲ್ಲಿ ಕವಲಿನೊಳಗೆ ಕವಲು ನೋಡಿದಿರಲ್ಲ, ಹಾಗೆ.

ಬೊಮ್ಮಸಂದ್ರ, ಸಿಂಗಸಂದ್ರ, ದೊಮ್ಮಸಂದ್ರ. ಇಲ್ಲಿನ 'ಸಂದ್ರ' ಏನು? ಅದು ಸವೆದ 'ಸಮುದ್ರ', ದೊಡ್ಡ ಕೆರೆಗೆ ಹಿಂದೆ ಇಡುತ್ತಿದ್ದ ಹೆಸರು. ಆಲೂಗಡ್ಡೆಯ ಹುಬ್ಬಿನಲ್ಲಿ ಎಲೆ ಎಷ್ಟು ಉಳಿದಿದೆಯೋ ಇಲ್ಲಿ ಸಮುದ್ರ ಅಷ್ಟು ಉಳಿದಿದೆ. ಜಾಗ ಮಾತ್ರ ಬಿಟ್ಟುಕೊಟ್ಟಿಲ್ಲ.

ಈಗ ದೊಡ್ಡ ಹಳ್ಳ. 'ಬೆಂಗಳೂರು' ಬಿಡಿಸಿ ಎಂದರೆ ಹಲವರು ಬೆಂದ, ಕಾಳು, ಊರು ಎನ್ನುತ್ತಾರೆ. ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆ. ಕಥೆ ಚೆನ್ನಾಗಿದೆ. ಆದರೆ ಬೇಗೂರಿನ ಶಾಸನದಲ್ಲಿ ಸುಮಾರು ಕ್ರಿ.ಶ. 890ರಲ್ಲೇ ಬೆಂಗಳೂರು ಎಂಬ ಹೆಸರಿದೆ. ವೀರಬಲ್ಲಾಳ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಈಚಿನವನು. 'ಊರು' ಎಂಬ ಕೀಲು ಖಚಿತ, ಅಷ್ಟು ಬರೆಯಿರಿ. ಉಳಿದ ತುಂಡನ್ನು ಕಥೆಗೆ ಹೊಂದಿಸಲು ಎಳೆದಾಡಬೇಡಿ.

'ಗಳು' ಕಂಡಲ್ಲೆಲ್ಲ ಬಹುವಚನ ಎಂದು ಕತ್ತರಿಸುವುದು ಇನ್ನೊಂದು ತಪ್ಪು. ತಿಂಗಳು ಏಕವಚನ. ಬಹುವಚನ ಬೇಕಾದರೆ ತಿಂಗಳುಗಳು. ಅವಳು ಎಂಬುದರ 'ಅಳು' ಹೆಣ್ಣನ್ನು ತೋರಿಸುತ್ತದೆ, ಬೆರಳು ಎಂಬುದರಲ್ಲಿ ಅದು ಬರೀ ಸದ್ದು. ಕಳ್ಳಿ ಮತ್ತು ಪಾಪಸುಕಳ್ಳಿಯ ಹಾಗೆ ನೋಟ ಒಂದೇ, ಹುಟ್ಟು ಬೇರೆ. ಮನೆಯಲ್ಲಿ ಎಂಬುದರ 'ಯ', ಮರವನ್ನು ಎಂಬುದರ 'ವ' ಕೂಡ ಪ್ರತ್ಯಯವಲ್ಲ. ಎರಡು ಸ್ವರ ತಾಕದಂತೆ ನಡುವೆ ಬಂದ ಅಂಟು ಅದು. ವ್ಯಾಕರಣ ಇದನ್ನು ಆಗಮಸಂಧಿ ಎನ್ನುತ್ತದೆ.

ಹಂತ 7: ಒಂದೇ ತುಂಡಿನ ಹಲವು ರೂಪ

ನನಗೆ ತುಂಬ ಪ್ರೀತಿಯ ಹಂತ ಇದು. ಪೆನ್ಸಿಲ್ ಹಿಡಿದು ಕೂರಿ.

ಮೊದಲು ಪ್ರತ್ಯಯಗಳ ಸಾಲು ನೋಡಿ. ಮರಗಳಲ್ಲೂ: ಮರ, ಗಳು, ಅಲ್ಲಿ, ಊ. ಈ ಸರದಿ ತಪ್ಪಿಸಲು ಬರುವುದಿಲ್ಲ. 'ಮರದಲ್ಲಿಗಳು' ಎಂದು ಯಾರೂ ಹೇಳುವುದಿಲ್ಲ. ಕ್ರಿಯಾಪದದಲ್ಲೂ ಹಾಗೆಯೇ. ಹೋಗುತ್ತಿದ್ದಳು: ಹೋಗು, ಕೆಲಸ ನಡೆಯುತ್ತಿದೆ ಎನ್ನುವ 'ಉತ್ತ', ಇರು ಎಂಬುದರ ಭೂತಕಾಲದ 'ಇದ್ದ್', ಹೆಣ್ಣು ಎಂದು ತೋರಿಸುವ 'ಅಳು'. ನೀವು ಮನೆಯಲ್ಲಿ "ಹೋಗ್ತಿದ್ಳು" ಎನ್ನುತ್ತೀರಿ. ಅದನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಆಡುಮಾತು ಕೆಟ್ಟ ರೂಪವಲ್ಲ. ಅದರಲ್ಲೂ ನಾಲ್ಕೂ ತುಂಡು ಅದೇ ಸರದಿಯಲ್ಲಿ ಇವೆ, ಮೈ ಮಾತ್ರ ಸಣ್ಣದಾಗಿದೆ.

ಈಗ ಈ ಎರಡು ಗುಂಪು ಗಟ್ಟಿಯಾಗಿ ಓದಿ.

ಕೊಡು, ಕೊಟ್ಟ. ಇಡು, ಇಟ್ಟ. ಬಿಡು, ಬಿಟ್ಟ. ಸುಡು, ಸುಟ್ಟ. ಉಡು, ಉಟ್ಟ. ಕೆಡು, ಕೆಟ್ಟ.

ಮಾಡು, ಮಾಡಿದ. ನೋಡು, ನೋಡಿದ. ಹಾಡು, ಹಾಡಿದ. ಓಡು, ಓಡಿದ. ಬೇಡು, ಬೇಡಿದ. ನೀಡು, ನೀಡಿದ.

ಎಲ್ಲವೂ 'ಡು'ವಿನಲ್ಲೇ ಮುಗಿಯುತ್ತವೆ. ಒಂದು ಗುಂಪಿಗೆ 'ಟ್ಟ', ಇನ್ನೊಂದಕ್ಕೆ 'ಡಿದ'. ಯಾಕೆ? ಮುಂದೆ ಓದುವ ಮೊದಲು ಒಂದು ನಿಮಿಷ ಯೋಚಿಸಿ.

ಮೊದಲ ಸ್ವರ ನೋಡಿ. ಹ್ರಸ್ವವಾದರೆ 'ಟ್ಟ', ದೀರ್ಘವಾದರೆ 'ಡಿದ'. ಯಾರೂ ನಮಗೆ ಇದನ್ನು ಹೇಳಿಕೊಡಲಿಲ್ಲ. ಮೂರು ವರ್ಷದ ಮಗು ಕೂಡ ಇದನ್ನು ಪಾಲಿಸುತ್ತದೆ. 'ಗು' ಇರುವ ಪದ ಹಿಡಿದು ಪರೀಕ್ಷಿಸಿ: ನಗು, ನಕ್ಕ. ಹೊಗು, ಹೊಕ್ಕ. ಆದರೆ ಕೂಗು, ಕೂಗಿದ. ತೂಗು, ತೂಗಿದ. ಬಾಗು, ಬಾಗಿದ. ಇಲ್ಲೂ ಅದೇ ನಿಯಮ. ಹೋಗು (ಹೋದ), ಆಗು (ಆದ) ಹೊರಗುಳಿಯುತ್ತವೆ. ದಿನಕ್ಕೆ ನೂರು ಸಲ ಬಳಸುವ ಪದಗಳು ತಮ್ಮದೇ ದಾರಿ ಹಿಡಿಯುವುದು ಎಷ್ಟೋ ಭಾಷೆಗಳಲ್ಲಿ ಇದೆ. ಬರು (ಬಂದ), ತರು (ತಂದ), ಇರು (ಇದ್ದ) ಇವನ್ನೂ ಬೇರೆ ಪುಟದಲ್ಲಿ ಬರೆದಿಡಿ. ಹೀಗೆ ಒಂದೇ ಅರ್ಥದ ತುಂಡು ಸನ್ನಿವೇಶ ನೋಡಿ ರೂಪ ಬದಲಿಸಿದರೆ ಆ ರೂಪಗಳು ಒಂದೇ ಆಕೃತಿಮಾದ ರೂಪಭೇದಗಳು. ಮರಕ್ಕೆ, ಮನೆಗೆ, ಊರಿಗೆ ಎಂಬಲ್ಲಿನ ಕ್ಕೆ, ಗೆ, ಇಗೆ ಕೂಡ.

ಇದೇ ಹ್ರಸ್ವ ದೀರ್ಘದ ಎಳೆ ಹಿಡಿದು ಹಿಂದಕ್ಕೆ ಹೋಗಿ. ಹಳಗನ್ನಡದ ಕಲ್, ಕಣ್, ಮಣ್ ಇಂದು ಕಲ್ಲು, ಕಣ್ಣು, ಮಣ್ಣು. ಆದರೆ ಕಾಲ್, ನೀರ್, ಬೇರ್ ಇಂದು ಕಾಲು, ನೀರು, ಬೇರು. ಪಲ್ ಹಲ್ಲಾಯಿತು, ಪಾಲ್ ಹಾಲಾಯಿತು. ಹ್ರಸ್ವದ ಮುಂದೆ ವ್ಯಂಜನ ಇಮ್ಮಡಿಯಾಗಿದೆ, ದೀರ್ಘದ ಮುಂದೆ ಇಲ್ಲ. ಈಗ ಮೆಜೆಸ್ಟಿಕ್ಕಿಗೆ ಬನ್ನಿ. ಇಂಗ್ಲಿಷಿನ ಬಸ್ ನಮ್ಮ ಬಾಯಲ್ಲಿ ಬಸ್ಸು. ಪೆನ್ ಪೆನ್ನು, ಕಪ್ ಕಪ್ಪು, ಪಿನ್ ಪಿನ್ನು. ಕಾರ್ ಕಾರು, ಫೋನ್ ಫೋನು, ಕೋಟ್ ಕೋಟು. ಸಾವಿರ ವರ್ಷದ ಹಿಂದಿನ ಕಲ್ಲಿಗೂ ನಿನ್ನೆಯ ಬಸ್ಸಿಗೂ ಒಂದೇ ಅಚ್ಚು. "ಬೆಂಗಳೂರಿನ ಕನ್ನಡ ಕೆಟ್ಟುಹೋಗಿದೆ" ಎನ್ನುವವರಿಗೆ ಈ ಪಟ್ಟಿ ತೋರಿಸಿ. ಪದ ಎಲ್ಲಿಂದಲೋ ಬಂದಿರಬಹುದು. ಅದನ್ನು ಕೂಡಿಸಿದ ಕೈ ಕನ್ನಡದ್ದು.

ಒಂದು ಎಚ್ಚರಿಕೆ. ಗಿಡಕ್ಕೂ ಪದಕ್ಕೂ ಹೋಲಿಕೆ ಕೊಡುತ್ತಾ ಬಂದಿದ್ದೇನೆ. ಅದನ್ನು ಅತಿಯಾಗಿ ಎಳೆಯಬೇಡಿ. ಗಿಡದ ರೂಪ ಬೀಜದೊಳಗಿಂದ ಬರುತ್ತದೆ. ಪದದ ರೂಪ ಬರುವುದು ಆಡುವ ಜನರಿಂದ. ನೋಡುವ ವಿಧಾನ ಮಾತ್ರ ಒಂದೇ.

ಹಂತ 8: ಪರಿಶೀಲನೆ, ಮುಂದಿನ ದಾರಿ

ನೋಟ್‌ಬುಕ್ಕಿನ ಪ್ರತಿ ಪುಟದಲ್ಲಿ ಮೂರು ವಿಷಯ ಇರಲಿ: ಏನು ಕಂಡಿರಿ, ಕೀಲು ಎಲ್ಲಿದೆ, ಯಾವ ಪರೀಕ್ಷೆಯಿಂದ ಹಾಗೆ ಹೇಳುತ್ತೀರಿ. ಮೂರನೆಯದು ಖಾಲಿ ಇದ್ದರೆ ಅದು ಇನ್ನೂ ಊಹೆ. ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅಳಿಸಬೇಡಿ.

ಪದದ ಹಳೆಯ ರೂಪ ನೋಡಲು 1894ರಲ್ಲಿ ಪ್ರಕಟವಾದ ಕಿಟೆಲ್ ನಿಘಂಟು ಇಂದಿಗೂ ಒಳ್ಳೆಯದು. ತಮಿಳು, ತೆಲುಗಿನ ಸಂಬಂಧಿ ಪದಗಳನ್ನೂ ಕೊಡುತ್ತದೆ. ಅದರ ಸ್ಕ್ಯಾನ್ ಪ್ರತಿ ಅಂತರ್ಜಾಲದಲ್ಲಿ ಸಿಗುತ್ತದೆ. ಗಿಡಗಳಿಗೆ, ನಾವು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹರ್ಬೇರಿಯಂ ಇದೆ. ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ, ಹೆಸರು, ಜಾಗ, ದಿನಾಂಕ ಬರೆದು ಜೋಪಾನವಾಗಿ ಇಟ್ಟಿರುವ ಸಂಗ್ರಹ. ಸುಮ್ನೆ ಹೋಗಿ ಬಾಗಿಲು ತಟ್ಟಬೇಡಿ. ಮೊದಲೇ ಬರೆದು ಅನುಮತಿ ಕೇಳಿ, ಯಾವ ಗಿಡ ನೋಡಬೇಕು ಎಂದು ತಿಳಿಸಿ.

ಲಾಲ್‌ಬಾಗ್‌ಗೆ ಮೆಟ್ರೋ ಹಸಿರು ಮಾರ್ಗದಲ್ಲಿ ಹೋಗುವುದು ಸುಲಭ. ಬೆಳಿಗ್ಗೆ ಬೇಗ ಹೋಗಿ. ಮಳೆಮರದ ಕಿರುಎಲೆಗಳು ರಾತ್ರಿ ಮಡಚಿಕೊಂಡಿದ್ದು ಬೆಳಕಾದ ಮೇಲೆ ಬಿಚ್ಚಿಕೊಳ್ಳುತ್ತವೆ. ಒಂದು ಕಿರುಎಲೆಯ ಬುಡಕ್ಕೆ ಮಸೂರ ಹಿಡಿಯಿರಿ. ಅಲ್ಲಿ ಸ್ವಲ್ಪ ಉಬ್ಬಿದ ಒಂದು ಗಂಟಿದೆ. ಮಡಚುವ ಕೆಲಸವೆಲ್ಲ ಆ ಕೀಲಿನದು. ಅದರ ಚಿತ್ರ ಬರೆದುಕೊಂಡು ಬನ್ನಿ.